ಕ್ಯೂಬಾ ಮೇಲಿನ ನಿರ್ಬಂಧ: ತೆಗೆಯಬೇಕೆ, ತೆಗೆಯಲು ಬರುತ್ತದೆಯೆ?

ಕ್ಯೂಬಾದ ರಾಜಧಾನಿ ಹವಾನಾದ ಅಂಗಡಿಯಲ್ಲಿ ಇವತ್ತು ಕೋಳಿ ಮಾಂಸ ಸಿಕ್ಕಿದರೆ ಅದು ಬಹುಮಟ್ಟಿಗೆ ಅಮೆರಿಕದಿಂದ ಬಂದದ್ದೇ ಆಗಿರುತ್ತದೆ. ಮಂಜುಗಟ್ಟಿಸಿದ ಕೋಳಿ ತೊಡೆಗಳು, ಪೆಟ್ಟಿಗೆಗಟ್ಟಲೆ. ನಿಮ್ಮಲ್ಲಿ ಕೆಲವರು ಹುಬ್ಬೇರಿಸಿದ್ದು ನನಗೆ ಕಾಣಿಸುತ್ತಿದೆ. ಕ್ಯೂಬಾ ಮೇಲೆ ಅಮೆರಿಕ ಹೇರಿದ, ಅರವತ್ತು ವರ್ಷ ದಾಟಿದ ವ್ಯಾಪಾರ ನಿರ್ಬಂಧದ ಬಗ್ಗೆ ಮಾತಾಡಲು ಬಂದು ಈ ಮನುಷ್ಯ ಅಮೆರಿಕದ ಕೋಳಿಯ ಕಥೆ ಹೇಳುತ್ತಿದ್ದಾನಲ್ಲ ಅಂತ. ಆ ಕೋಳಿಯಿಂದಲೇ ಶುರು ಮಾಡೋಣ. ಈ ವಿಷಯದಲ್ಲಿ ಎರಡೂ ಕಡೆಯವರು ಹೇಳುವ ಅರ್ಧ ಸತ್ಯ ಅದರಲ್ಲೇ ಇದೆ.

2000ನೇ ಇಸವಿಯಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಕ್ಯೂಬಾಕ್ಕೆ ಆಹಾರ ಪದಾರ್ಥ ಮಾರಬಹುದು, ಆದರೆ ಸಾಲ ಕೊಡುವ ಹಾಗಿಲ್ಲ, ದುಡ್ಡು ಮೊದಲು ಬರಬೇಕು. ಕ್ಯೂಬಾ ಮೊದಲು ಬೇಡವೇ ಬೇಡ ಅಂದಿತು. 2001ರ ನವೆಂಬರಿನಲ್ಲಿ ಮಿಶೆಲ್ ಚಂಡಮಾರುತ ಬೀಸಿ ಬೆಳೆಯೆಲ್ಲ ನೆಲಕಚ್ಚಿದ ಮೇಲೆ ಕೊಳ್ಳಲು ಶುರು ಮಾಡಿತು. ಹಾಗಾಗಿ 'ಅಮೆರಿಕದಿಂದ ಒಂದು ಕಾಳೂ ಬರುವುದಿಲ್ಲ' ಅಂತ ಯಾರಾದರೂ ಹೇಳಿದರೆ ಸುಳ್ಳು. 'ಆಹಾರ ಮಾರುತ್ತಿದ್ದೇವಲ್ಲ, ಇನ್ನೇನು ಗೋಳು' ಎಂದು ವಾಷಿಂಗ್ಟನ್ ಕೇಳಿದರೆ ಅದೂ ಪೂರ್ತಿ ನಿಜವಲ್ಲ. ಡಾಲರ್ ಗಳಿಸುವ ದಾರಿಗಳನ್ನೆಲ್ಲ ಮುಚ್ಚಿಟ್ಟು, ಡಾಲರ್ ತಂದರೆ ಮಾತ್ರ ಕೋಳಿ ಕೊಡುತ್ತೇವೆ ಎಂದ ಹಾಗಾಯಿತು.

ನಮ್ಮಲ್ಲಿ ಈ ಚರ್ಚೆ ಎರಡೇ ಜಾಡಿನಲ್ಲಿ ಓಡುತ್ತದೆ. ಎಡಪಂಥದ ಗೆಳೆಯರಿಗೆ ಕ್ಯೂಬಾ ಎಂದರೆ ಚೆ ಗುವಾರಾನ ಟೀ ಶರ್ಟು, ಉಚಿತ ಆಸ್ಪತ್ರೆ, ಅಮೆರಿಕದ ದಬ್ಬಾಳಿಕೆ. ಆ ಕಡೆಯವರಿಗೆ, ಕಮ್ಯುನಿಸಂ ಬಂದಲ್ಲೆಲ್ಲ ಕ್ಯೂ, ಕತ್ತಲೆ, ಜೈಲು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಿರ್ಬಂಧ ಹೋಗಬೇಕು. ಕ್ಯೂಬಾ ಸರ್ಕಾರ ಅದಕ್ಕೆ ಯೋಗ್ಯವೇ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ನಿರ್ಬಂಧ ಅನ್ನುವುದು ಚೌಕಾಸಿಯ ಆಯುಧ: ನೀನು ಇಷ್ಟು ಬಿಟ್ಟರೆ ನಾನು ಇಷ್ಟು ಬಿಡುತ್ತೇನೆ ಎನ್ನಲು ಇರುವಂಥದ್ದು. ಹಾಗೆ ಚೌಕಾಸಿ ಮಾಡುವ ಅಧಿಕಾರವನ್ನು 1996ರಲ್ಲಿ ಅಮೆರಿಕದ ಸಂಸತ್ತು ತನ್ನ ಅಧ್ಯಕ್ಷರ ಕೈಯಿಂದಲೇ ಕಿತ್ತುಕೊಂಡಿತು. ಅಲ್ಲಿಗೆ ಆಯುಧದ ಕೆಲಸ ಮುಗಿಯಿತು, ಏಟು ಮಾತ್ರ ಉಳಿಯಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. 1959ರ ಜನವರಿ 1ರಂದು ಸರ್ವಾಧಿಕಾರಿ ಬಟಿಸ್ಟಾ ದೇಶ ಬಿಟ್ಟು ಓಡಿದ. ಅದೇ ಮೇ ತಿಂಗಳಲ್ಲಿ, ಕ್ರಾಂತಿ ಮಾಡಿ ಅಧಿಕಾರ ಹಿಡಿದ ಫಿಡೆಲ್ ಕ್ಯಾಸ್ಟ್ರೊ ಭೂಸುಧಾರಣೆ ತಂದರು. ಭೂಸುಧಾರಣೆ ಎಂದರೆ ಎಂಥ ಜಗಳ ಏಳುತ್ತದೆ ಎಂದು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ದೊಡ್ಡ ಕಬ್ಬಿನ ತೋಟಗಳಲ್ಲಿ ಎಷ್ಟೋ ಅಮೆರಿಕದ ಕಂಪನಿಗಳವು. 1960ರಲ್ಲಿ ಸೋವಿಯತ್ ಕಚ್ಚಾ ತೈಲ ಬಂದಾಗ ಟೆಕ್ಸಾಕೊ, ಎಸ್ಸೊ, ಶೆಲ್ ಅದನ್ನು ಸಂಸ್ಕರಿಸುವುದಿಲ್ಲ ಎಂದವು. ಕ್ಯಾಸ್ಟ್ರೊ ಸಂಸ್ಕರಣಾಗಾರಗಳನ್ನೇ ವಶಪಡಿಸಿಕೊಂಡರು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಕ್ಯೂಬಾದಿಂದ ಕೊಳ್ಳುತ್ತಿದ್ದ ಸಕ್ಕರೆಯ ಕೋಟಾ ಕತ್ತರಿಸಿದರು. ಕ್ಯಾಸ್ಟ್ರೊ ಇನ್ನಷ್ಟು ಕಂಪನಿಗಳನ್ನು ನುಂಗಿದರು. ಅಕ್ಟೋಬರ್ 19ರಂದು ಆಹಾರ, ಔಷಧ ಬಿಟ್ಟು ಅಮೆರಿಕದಿಂದ ಕ್ಯೂಬಾಕ್ಕೆ ಹೋಗುತ್ತಿದ್ದ ಉಳಿದ ರಫ್ತೆಲ್ಲ ಬಂದ್. ಕೊನೆಗೆ 1962ರ ಫೆಬ್ರವರಿ 3ರಂದು ಕೆನಡಿ ಸಹಿ ಹಾಕಿದರು, 7ರಿಂದ ಪೂರ್ಣ ನಿರ್ಬಂಧ. ಸಹಿಗೆ ಮೊದಲು ತಮಗಾಗಿ 1,200 ಕ್ಯೂಬನ್ ಚುಟ್ಟಾ ತರಿಸಿಟ್ಟುಕೊಂಡಿದ್ದರಂತೆ. ಅವರ ಪತ್ರಿಕಾ ಕಾರ್ಯದರ್ಶಿ ಸ್ಯಾಲಿಂಜರ್ ಮುಂದೆ ಎಷ್ಟೋ ವರ್ಷದ ಮೇಲೆ ತಾವೇ ಹೇಳಿಕೊಂಡ ಮಾತು ಇದು.

ಆ ಕಾಲದ ಒಂದು ಕಾಗದ ನೀವು ತಿಳಿದಿರಬೇಕಾದದ್ದು. 1960ರ ಏಪ್ರಿಲ್ 6ರಂದು ವಿದೇಶಾಂಗ ಇಲಾಖೆಯ ಲೆಸ್ಟರ್ ಮ್ಯಾಲರಿ ಎಂಬ ಅಧಿಕಾರಿ ಒಂದು ಟಿಪ್ಪಣಿ ಬರೆದರು. ಈಗ ಅದು ಅಮೆರಿಕ ಸರ್ಕಾರವೇ ಪ್ರಕಟಿಸಿರುವ ದಾಖಲೆ. ಕ್ಯೂಬಾದ ಹೆಚ್ಚಿನ ಜನ ಕ್ಯಾಸ್ಟ್ರೊ ಪರ ಇದ್ದಾರೆ, ಒಳಗಿನ ವಿರೋಧಕ್ಕೆ ಬಲವಿಲ್ಲ, ಹಾಗಾಗಿ ಹಣ ಮತ್ತು ಸಾಮಗ್ರಿ ತಪ್ಪಿಸಿ, ಕೂಲಿ ಇಳಿಯುವಂತೆ ಮಾಡಿ, ಹಸಿವು ಹತಾಶೆ ತಂದು ಸರ್ಕಾರ ಉರುಳಿಸಬೇಕು ಎಂದು ಅದರ ಸಾರ. ನನಗೆ ಇದರಲ್ಲಿ ಹಿಡಿಸುವುದು ಅದರ ಪ್ರಾಮಾಣಿಕತೆ! ಇವತ್ತು ಯಾರೂ ಹಾಗೆ ಬರೆಯುವುದಿಲ್ಲ. 'ನಮ್ಮ ಗುರಿ ಸರ್ಕಾರ, ಜನರಲ್ಲ' ಎನ್ನುತ್ತಾರೆ. ಮ್ಯಾಲರಿಗೆ ಗೊತ್ತಿತ್ತು, ಸರ್ಕಾರವನ್ನು ಮುಟ್ಟುವ ದಾರಿ ಜನರ ಹೊಟ್ಟೆಯ ಮೇಲೇ ಹಾದುಹೋಗುತ್ತದೆ ಎಂದು.

ನ್ಯಾಯವಾಗಿ ಹೇಳಬೇಕೆಂದರೆ ಆಗ ಅದಕ್ಕೊಂದು ತರ್ಕ ಇತ್ತು. 1962ರ ಅಕ್ಟೋಬರಿನಲ್ಲಿ ಫ್ಲೋರಿಡಾದಿಂದ ನೂರು ಚಿಲ್ಲರೆ ಮೈಲಿ ದೂರದಲ್ಲಿ ಸೋವಿಯತ್ ಅಣು ಕ್ಷಿಪಣಿ ನಿಂತಿದ್ದವು. ಆದರೆ 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಕಾರಣ ಹೋದ ಮೇಲೆ ನಿರ್ಬಂಧ ಸಡಿಲವಾಗಬೇಕಿತ್ತು. ಆದದ್ದು ಉಲ್ಟಾ. ಕ್ಯೂಬಾ ಇನ್ನೇನು ಬೀಳುತ್ತದೆ, ಇನ್ನೊಂದು ತಳ್ಳು ಸಾಕು ಎಂದುಕೊಂಡು ಬಿಗಿ ಮಾಡಿದರು.

ಆ ವರ್ಷಗಳನ್ನು ಕ್ಯೂಬನ್ನರು 'ವಿಶೇಷ ಅವಧಿ' ಎಂದು ಕರೆಯುತ್ತಾರೆ. ಸೋವಿಯತ್ ತೈಲ ನಿಂತು ಆರ್ಥಿಕತೆ ಮೂರರಲ್ಲಿ ಒಂದು ಪಾಲು ಕುಗ್ಗಿತು. ಬಸ್ಸು ನಿಂತವು, ಚೀನಾದಿಂದ ಲಕ್ಷಗಟ್ಟಲೆ ಸೈಕಲ್ ತರಿಸಿದರು. ಹೊಲದಲ್ಲಿ ಟ್ರ್ಯಾಕ್ಟರ್ ಬದಲು ಎತ್ತು ಬಂದವು. 1992–93ರಲ್ಲಿ ವಿಚಿತ್ರ ಕಾಯಿಲೆಯೊಂದು ಹಬ್ಬಿ ಸುಮಾರು 50,000 ಜನರಿಗೆ ಕಣ್ಣು ಮಂಜಾಯಿತು, ಕೈಕಾಲು ಜೋಮು ಹಿಡಿಯಿತು. ಅಪೌಷ್ಟಿಕತೆಯೇ ಅದಕ್ಕೆ ಮುಖ್ಯ ಕಾರಣ, ಬಿ ಜೀವಸತ್ವದ ಮಾತ್ರೆ ಮನೆಮನೆಗೆ ಹಂಚಿದ ಮೇಲೆ ಇಳಿಯಿತು. ಭಾರತದಿಂದ 1992ರಲ್ಲಿ 10,000 ಟನ್ ಗೋಧಿ, 10,000 ಟನ್ ಅಕ್ಕಿ ಹೋಯಿತು. ಒಬ್ಬೊಬ್ಬ ಕ್ಯೂಬನ್ನನ ಪಾಲಿಗೂ ಒಂದಿಷ್ಟು ರೊಟ್ಟಿಯಾಗುವಷ್ಟು. ಕ್ಯಾಸ್ಟ್ರೊ ಅದನ್ನು 'ಭಾರತದ ರೊಟ್ಟಿ' ಎಂದರು. ನಮ್ಮ ಎಡಪಕ್ಷಗಳ ಕಾರ್ಯಕರ್ತರು ಊರೂರಲ್ಲಿ ಇದಕ್ಕಾಗಿ ಚಂದಾ ಎತ್ತಿದ್ದರು. ಈ ಸಭೆಯಲ್ಲೂ ಆಗ ಡಬ್ಬಿ ಹಿಡಿದು ಓಡಾಡಿದವರು ಇರಬಹುದು.

ಅದೇ 1992ರಲ್ಲಿ ಅಮೆರಿಕದಲ್ಲಿ ನಿರ್ಬಂಧ ಬಿಗಿ ಮಾಡುವ ಟಾರಿಸೆಲ್ಲಿ ಕಾನೂನು ಬಂತು. ಅದರ ಒಂದು ಕಲಮು ನೋಡಿ. ಕ್ಯೂಬಾದಲ್ಲಿ ವ್ಯಾಪಾರಕ್ಕೆಂದು ಲಂಗರು ಹಾಕಿದ ಹಡಗು 180 ದಿನ ಅಮೆರಿಕದ ಬಂದರಿಗೆ ಸರಕು ಹತ್ತಿಸಲು ಇಳಿಸಲು ಬರುವಂತಿಲ್ಲ. 2016ರಲ್ಲಿ ಒಬಾಮ ಸಾಮಾನ್ಯ ಸರಕಿನ ಮಟ್ಟಿಗೆ ಇದನ್ನು ಸಡಿಲಿಸಿದರು. ಅದಕ್ಕೆ ಮೊದಲಿನ ಕಾಲದಲ್ಲಿ ನೀವು ಹಡಗಿನ ಮಾಲೀಕರು ಅಂದುಕೊಳ್ಳಿ. ಏಷ್ಯಾದಿಂದ ಅಕ್ಕಿ ತುಂಬಿ ಹೊರಟಿದ್ದೀರಿ. ಒಂದು ಕೋಟಿ ಜನರ ದ್ವೀಪಕ್ಕೆ ಇಳಿಸಿದರೆ, ವಾಪಸು ಬರುವಾಗ ಪಕ್ಕದ ಹ್ಯೂಸ್ಟನ್ನಿನಲ್ಲೋ ನ್ಯೂ ಆರ್ಲಿಯನ್ಸ್‌ನಲ್ಲೋ ಸರಕು ತುಂಬಿಕೊಳ್ಳುವ ಹಾಗಿಲ್ಲ. ಖಾಲಿ ಹಡಗು ತಿರುಗಬೇಕು. ಆ ಖಾಲಿ ಪಯಣದ ಬಾಡಿಗೆಯನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ? ಹವಾನಾದಲ್ಲಿ ಅಕ್ಕಿ ತಿನ್ನುವವರ ಲೆಕ್ಕಕ್ಕೆ.

ಇನ್ನೊಂದು ನಿಯಮ ಶೇಕಡ 10ರದ್ದು. ಜಗತ್ತಿನ ಯಾವ ದೇಶದಲ್ಲೇ ತಯಾರಾದ ಯಂತ್ರವಾಗಲಿ, ಅದರಲ್ಲಿ ಅಮೆರಿಕ ಮೂಲದ ಬಿಡಿಭಾಗ ಬೆಲೆಯಲ್ಲಿ ಶೇ. 10 ದಾಟಿದರೆ ಕ್ಯೂಬಾಕ್ಕೆ ಕಳಿಸಲು ವಾಷಿಂಗ್ಟನ್ನಿನ ಪರವಾನಗಿ ಬೇಕು. ಇಂದಿನ ಆಸ್ಪತ್ರೆ ಉಪಕರಣಗಳಲ್ಲಿ ಅಮೆರಿಕದ ಚಿಪ್ಪೋ ಸೆನ್ಸರ್ರೋ ಇಲ್ಲದ್ದು ಎಷ್ಟಿದೆ? 2020ರಲ್ಲಿ ಕೋವಿಡ್ ಶುರುವಾದಾಗ, ಕ್ಯೂಬಾಕ್ಕೆ ವೆಂಟಿಲೇಟರ್ ಒದಗಿಸುತ್ತಿದ್ದ ಸ್ವಿಟ್ಜರ್ಲೆಂಡಿನ ಎರಡು ಕಂಪನಿಗಳನ್ನು ಅಮೆರಿಕದ ಕಂಪನಿಯೊಂದು ಕೊಂಡಿತ್ತು. ಮಾಲೀಕರು ಬದಲಾದರು, ಸರಬರಾಜು ನಿಂತಿತು.

ಬ್ಯಾಂಕುಗಳ ವಿಷಯವಂತೂ ಇನ್ನೂ ಸೂಕ್ಷ್ಮ. 2014ರಲ್ಲಿ ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕು ಸುಡಾನ್, ಇರಾನ್, ಕ್ಯೂಬಾಗಳ ವ್ಯವಹಾರ ನಡೆಸಿದ್ದಕ್ಕೆ ಅಮೆರಿಕಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ಕಟ್ಟಿತು. ಅದನ್ನು ನೋಡಿದ ಮೇಲೆ ಬೇರೆ ಬ್ಯಾಂಕುಗಳಿಗೆ ಕಾನೂನು ಓದುವ ತಾಳ್ಮೆ ಯಾಕೆ ಬರುತ್ತದೆ? ಕ್ಯೂಬಾ ಎಂಬ ಹೆಸರು ಕಂಡರೆ ಅರ್ಜಿ ವಾಪಸ್ಸು. ಇದಕ್ಕೆ ಮೇಲೊಗ್ಗರಣೆ, ಭಯೋತ್ಪಾದನೆಗೆ ಬೆಂಬಲ ಕೊಡುವ ರಾಷ್ಟ್ರಗಳ ಪಟ್ಟಿ. 1982ರಲ್ಲಿ ರೇಗನ್ ಕಾಲದಲ್ಲಿ ಕ್ಯೂಬಾವನ್ನು ಸೇರಿಸಿದರು. 2015ರಲ್ಲಿ ಒಬಾಮ ತೆಗೆದರು. 2021ರ ಜನವರಿಯಲ್ಲಿ ಟ್ರಂಪ್ ತಮ್ಮ ಅವಧಿಯ ಕೊನೆಯ ದಿನಗಳಲ್ಲಿ ಮತ್ತೆ ಸೇರಿಸಿದರು. 2025ರ ಜನವರಿ 14ರಂದು ಬೈಡನ್, ತೆಗೆಯುತ್ತೇನೆ ಎಂದರು. ಅದು ಉಳಿದದ್ದು 20ನೇ ತಾರೀಖಿನವರೆಗೆ, ಟ್ರಂಪ್ ಅಧಿಕಾರಕ್ಕೆ ಬಂದ ಮೊದಲ ದಿನವೇ ರದ್ದು. ಒಂದು ದೇಶ ಆರು ದಿನಗಳೊಳಗೆ ಭಯೋತ್ಪಾದನೆ ಬಿಟ್ಟು ಮತ್ತೆ ಹಿಡಿಯಿತು ಎಂದು ನಂಬಬೇಕು ನಾವು! ಯುರೋಪಿನ ಪ್ರವಾಸಿಗಳಿಗೂ ಇದರ ಬಿಸಿ ತಟ್ಟಿದೆ. ಆ ಪಟ್ಟಿಯ ಕಾರಣದಿಂದ ಕ್ಯೂಬಾಕ್ಕೆ ಹೋಗಿಬಂದ ಸ್ಪೇನಿನವನಿಗೋ ಜರ್ಮನಿಯವನಿಗೋ ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗುವ ಸೌಲಭ್ಯ ತಪ್ಪುತ್ತದೆ. ಬೀಚಿಗೆ ಮೆಕ್ಸಿಕೊ ಇದೆ, ಡೊಮಿನಿಕನ್ ಗಣರಾಜ್ಯ ಇದೆ. ಅವನು ಯಾಕೆ ರಿಸ್ಕ್ ತೆಗೆದುಕೊಳ್ಳುತ್ತಾನೆ?

ಇದೆಲ್ಲ ದೂರದ ಕಥೆ ಎನಿಸಬಹುದು. ನಮ್ಮ ಬೆಂಗಳೂರಿಗೂ ಇದರ ಎಳೆಯೊಂದಿದೆ. ಹವಾನಾದಲ್ಲಿ ಆಣ್ವಿಕ ರೋಗನಿರೋಧ ವಿಜ್ಞಾನದ ಒಂದು ಸರ್ಕಾರಿ ಕೇಂದ್ರವಿದೆ. ಅಲ್ಲಿ ಕಂಡುಹಿಡಿದ ನಿಮೊಟುಝುಮ್ಯಾಬ್ ಎಂಬ ಔಷಧವನ್ನು ಬಯೋಕಾನ್, ಕ್ಯೂಬನ್ನರ ಜೊತೆಗೂಡಿ ಬೆಂಗಳೂರಿನಲ್ಲಿ ತಯಾರಿಸಿ 2006ರಲ್ಲಿ ಮಾರುಕಟ್ಟೆಗೆ ತಂದಿತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ. ಗುಟ್ಕಾ, ಹೊಗೆಸೊಪ್ಪು, ಎಲೆಅಡಿಕೆಯ ನಮ್ಮ ನಾಡಿನಲ್ಲಿ ಆ ಕಾಯಿಲೆ ಎಷ್ಟಿದೆ ಎಂಬುದಕ್ಕೆ ಕಿದ್ವಾಯಿ ಆಸ್ಪತ್ರೆಯ ಹೊರರೋಗಿ ವಿಭಾಗ ನೋಡಿದರೆ ಸಾಕು. ಎರಡು ಕಂಪನಿಗಳು ಮಾತಾಡಿಕೊಂಡವು, ಕಾಗದಕ್ಕೆ ಸಹಿ ಹಾಕಿದವು, ಔಷಧ ಬಂತು. ಈಗ ಅಮೆರಿಕಕ್ಕೆ ಬನ್ನಿ. ಅದೇ ಕೇಂದ್ರದ ಶ್ವಾಸಕೋಶ ಕ್ಯಾನ್ಸರ್ ಲಸಿಕೆ ಸಿಮಾವ್ಯಾಕ್ಸ್. ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿರುವ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆ ಅದನ್ನು ತನ್ನ ರೋಗಿಗಳ ಮೇಲೆ ಪರೀಕ್ಷಿಸಿ ನೋಡಬೇಕೆಂದರೆ ಔಷಧ ನಿಯಂತ್ರಕರ ಒಪ್ಪಿಗೆಯ ಜೊತೆಗೆ ಖಜಾನೆ ಇಲಾಖೆಯ ಅನುಮತಿಯೂ ಬೇಕಾಯಿತು. ಒಬಾಮ ಕಾಲದ ಸಡಿಲಿಕೆ ಇದ್ದದ್ದರಿಂದ 2016ರಲ್ಲಿ ಅದು ಸಾಧ್ಯವಾಯಿತು. ನಿರ್ಬಂಧ ಹೇರಿದವರ ರೋಗಿಗಳಿಗೂ ಅದರ ಪೆಟ್ಟು ಬೀಳುತ್ತದೆ ಎಂಬುದಕ್ಕೆ ಹೇಳಿದೆ, ಅಷ್ಟೆ.

ಸರಿ, ಎದುರು ಪಕ್ಷದ ವಾದ ಕೇಳೋಣ. ಅದನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನಾನಿಲ್ಲ.

ಮೊದಲನೆಯದು ಆಸ್ತಿ. ಅಮೆರಿಕನ್ನರ ಆಸ್ತಿಯನ್ನು ಪರಿಹಾರ ಕೊಡದೆ ಕಿತ್ತುಕೊಂಡರು, ಅಂಥ 5,913 ದಾವೆಗಳಿಗೆ ಅಮೆರಿಕದ ಆಯೋಗ ಮಾನ್ಯತೆ ಕೊಟ್ಟಿದೆ. ಇದು ನಿಜ. ಎರಡನೆಯದು ಸಾಲ. ನಿರ್ಬಂಧ ಹಾಕದ ದೇಶಗಳು ಕ್ಯೂಬಾ ಜೊತೆ ವ್ಯಾಪಾರ ಮಾಡಿ ಏನು ಕಂಡವು? 2014ರಲ್ಲಿ ರಷ್ಯಾ ಹಳೆಯ ಸೋವಿಯತ್ ಸಾಲದಲ್ಲಿ ಶೇ. 90 ಮನ್ನಾ ಮಾಡಿತು. 2015ರಲ್ಲಿ ಪ್ಯಾರಿಸ್ ಕ್ಲಬ್ ಎಂಬ ಸಾಲಿಗ ದೇಶಗಳ ಕೂಟದ, ಅಂದರೆ ಸಾಲ ಕೊಟ್ಟ ದೇಶಗಳು, 1,110 ಕೋಟಿ ಡಾಲರಿನಲ್ಲಿ 850 ಕೋಟಿ ಬಿಟ್ಟುಕೊಟ್ಟವು. ಉಳಿದದ್ದನ್ನಾದರೂ ಕ್ಯೂಬಾ ಸರಿಯಾಗಿ ತೀರಿಸಲಿಲ್ಲ. ಮೂರನೆಯದು ಮಾನವ ಹಕ್ಕು. 2021ರ ಜುಲೈ 11ರಂದು ಸಾವಿರಾರು ಜನ ಬೀದಿಗಿಳಿದರು. ಅನ್ನ ಕೇಳಿದರು, ಔಷಧ ಕೇಳಿದರು, ಸ್ವಾತಂತ್ರ್ಯ ಕೇಳಿದರು. ನೂರಾರು ಜನರಿಗೆ ಜೈಲಾಯಿತು, ಕೆಲವರಿಗೆ ಹತ್ತಿಪ್ಪತ್ತು ವರ್ಷ. ಇದಕ್ಕೆ ನಿರ್ಬಂಧ ಕಾರಣ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಹಸಿವಿಗೆ ನೂರು ಕಾರಣ ಇರಬಹುದು, ಹಸಿದವನನ್ನು ಜೈಲಿಗೆ ಹಾಕುವುದು ಹವಾನಾದ ಸ್ವಂತ ತೀರ್ಮಾನ.

ಆರ್ಥಿಕ ಅಧ್ವಾನದಲ್ಲೂ ಅವರ ಸ್ವಂತ ಕೈಕೆಲಸ ಬೇಕಾದಷ್ಟಿದೆ. 1968ರಲ್ಲಿ ಕ್ರಾಂತಿಯ ಹೆಸರಿನಲ್ಲಿ ಸಣ್ಣ ಅಂಗಡಿ, ಕ್ಷೌರದಂಗಡಿ, ತಿಂಡಿ ಗಾಡಿಯವರೆಗೆ ಸರ್ಕಾರದ್ದಾಯಿತು. ಅದನ್ನು ಯಾವ ಅಮೆರಿಕನ್ನೂ ಮಾಡಿಸಲಿಲ್ಲ. ಒಂದು ಕಾಲಕ್ಕೆ ವರ್ಷಕ್ಕೆ 80 ಲಕ್ಷ ಟನ್ ಸಕ್ಕರೆ ತೆಗೆಯುತ್ತಿದ್ದ ದೇಶ ಅದು. 2002ರಲ್ಲಿ ಅರ್ಧದಷ್ಟು ಕಾರ್ಖಾನೆ ತಾವೇ ಮುಚ್ಚಿದರು. ಮಂಡ್ಯದಲ್ಲಿ ಕಾರ್ಖಾನೆ ನಿಂತರೆ ಕಬ್ಬು ಬೆಳೆದವನ ಪಾಡು ಏನಾಗುತ್ತದೆ ಎಂದು ನೋಡಿದವರು ನೀವು, ಅಲ್ಲಿ ಊರಿಗೆ ಊರೇ ಹಾಗಾಯಿತು. ಈಗ ಉತ್ಪಾದನೆ ಕೆಲವು ಲಕ್ಷ ಟನ್ನಿಗೂ ಕೆಳಗಿಳಿದು ಸಕ್ಕರೆಯನ್ನೇ ಆಮದು ಮಾಡುತ್ತಾರೆ. ಪ್ರವಾಸಿಗರೇ ಬಾರದ ಕಾಲದಲ್ಲಿ ಸೇನೆಯ ಒಡೆತನದ ಗೇಸಾ ಎಂಬ ಕಂಪನಿಗಳ ಗುಂಪು ಹವಾನಾದಲ್ಲಿ ಗಗನಚುಂಬಿ ಹೋಟೆಲು ಕಟ್ಟಿಸಿತು, ಹೊಲಕ್ಕೆ ಗೊಬ್ಬರ ಇಲ್ಲ. 2021ರ ಜನವರಿಯಲ್ಲಿ, ಕೋವಿಡ್ ನಡುವೆ, ದೇಶದಲ್ಲಿ ಚಲಾವಣೆಯಲ್ಲಿದ್ದ ಎರಡು ಬಗೆಯ ಹಣವನ್ನು ಒಂದು ಮಾಡಲು ಹೋಗಿ ಬೆಲೆಯೇರಿಕೆಗೆ ಕದ ತೆಗೆದರು. 2024ರ ಅಕ್ಟೋಬರ್ 18ರಂದು ಮತಾಂಜಾಸ್‌ನ ಆಂಟೋನಿಯೊ ಗಿಟೆರಸ್ ವಿದ್ಯುತ್ ಸ್ಥಾವರ ಕೆಟ್ಟು ಇಡೀ ದೇಶ ಕತ್ತಲಾಯಿತು. ಹಳೆಯ ಸ್ಥಾವರಗಳ ಬಿಡಿಭಾಗ ಸಿಗದಿರುವುದರಲ್ಲಿ ನಿರ್ಬಂಧದ ಪಾಲೂ ಇದೆ, ವರ್ಷಗಟ್ಟಲೆ ದುರಸ್ತಿ ಮುಂದೂಡಿದವರ ಪಾಲೂ ಇದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕ್ಯೂಬಾದ ವಿಶೇಷ ಏನೆಂದರೆ ನೆಲವೂ ನಿಜವಾಗಿ ಡೊಂಕೇ. ನಿರ್ಬಂಧದ ಪರ ಇರುವವರಿಗೆ ನಾನು ಕೇಳುವುದು ಇಷ್ಟೆ: ನೆಲ ಸಮ ಮಾಡಿ, ಆಮೇಲೆ ಕುಣಿತ ನೋಡೋಣ. ಹವಾನಾದ ಅಧಿಕಾರಿಗಳಿಗೆ ಇಷ್ಟು ಕಾಲ ಹೇಳಿಕೊಳ್ಳಲು ಒಂದು ಸಿದ್ಧ ಕಾರಣವನ್ನು ಒದಗಿಸುತ್ತ ಬಂದವರು ಯಾರು?

ಈಗ 1996ಕ್ಕೆ ಬರುತ್ತೇನೆ. ಆ ಫೆಬ್ರವರಿ 24ರಂದು ಮಯಾಮಿಯ ಕ್ಯೂಬನ್ ವಲಸಿಗರ ಸಂಘಟನೆಯೊಂದರ ಎರಡು ಪುಟ್ಟ ವಿಮಾನಗಳನ್ನು ಕ್ಯೂಬಾದ ಯುದ್ಧ ವಿಮಾನ ಹೊಡೆದುರುಳಿಸಿತು, ನಾಲ್ವರು ಸತ್ತರು. ಅಮೆರಿಕದಲ್ಲಿ ಚುನಾವಣೆಯ ವರ್ಷ, ಆ ವಲಸಿಗರ ಮತವಿರುವ ಫ್ಲೋರಿಡಾ ಗೆಲ್ಲಬೇಕು. ಅಲ್ಲಿಯವರೆಗೆ ಮೀನಮೇಷ ಎಣಿಸುತ್ತಿದ್ದ ಕ್ಲಿಂಟನ್ ಮಾರ್ಚ್ 12ರಂದು ಹೆಲ್ಮ್ಸ್–ಬರ್ಟನ್ ಕಾನೂನಿಗೆ ಸಹಿ ಹಾಕಿದರು. ಅಧ್ಯಕ್ಷರ ಆಜ್ಞೆಯಾಗಿದ್ದ ನಿರ್ಬಂಧ ಅಲ್ಲಿಗೆ ಶಾಸನವಾಯಿತು. ಇನ್ನು ಯಾವ ಅಧ್ಯಕ್ಷರೂ ಅದನ್ನು ಪೂರ್ತಿ ತೆಗೆಯಲಾರರು. ಒಬಾಮ 2015ರಲ್ಲಿ ರಾಯಭಾರ ಕಚೇರಿ ತೆರೆದರು, 2016ರಲ್ಲಿ ಹವಾನಾಕ್ಕೇ ಹೋದರು, ವಿಮಾನ, ಕ್ರೂಸ್ ಹಡಗು ಬಿಟ್ಟರು. ನಿರ್ಬಂಧದ ಮೂಲವನ್ನು ಮುಟ್ಟಲಾಗಲಿಲ್ಲ, ಹಾಗಾಗಿ ಟ್ರಂಪ್ ಬಂದು ಹೆಚ್ಚಿನದನ್ನು ಒಂದೊಂದಾಗಿ ವಾಪಸು ತಿರುಗಿಸಿದರು. ಕಾನೂನು ಹಾಕಿದ ಷರತ್ತು ನೋಡಿ: ಎಲ್ಲ ರಾಜಕೀಯ ಕೈದಿಗಳ ಬಿಡುಗಡೆ, ಪಕ್ಷಗಳಿಗೆ ಸ್ವಾತಂತ್ರ್ಯ, ಚುನಾವಣೆಯ ಏರ್ಪಾಡು, ಮತ್ತು ಹೊಸ ಸರ್ಕಾರದಲ್ಲಿ ಫಿಡೆಲ್ ಕ್ಯಾಸ್ಟ್ರೊ, ಅವರ ತಮ್ಮ ರೌಲ್ ಕ್ಯಾಸ್ಟ್ರೊ ಇರಬಾರದು. ಹೆಸರು ಹಿಡಿದು ಬರೆದಿದ್ದಾರೆ. ಫಿಡೆಲ್ 2016ರಲ್ಲಿ ತೀರಿಕೊಂಡರು. ಕಾನೂನಿನ ಪುಸ್ತಕದಲ್ಲಿ ಅವರನ್ನು ಇನ್ನೂ ಅಧಿಕಾರದಿಂದ ದೂರ ಇಡಲಾಗಿದೆ.

ಈ ಷರತ್ತುಗಳಲ್ಲಿ ಕೆಟ್ಟದ್ದೇನಿದೆ ಎಂದು ಕೇಳಬಹುದು. ಒಂದೊಂದಾಗಿ ನೋಡಿದರೆ ಬಹಳಷ್ಟು ಒಳ್ಳೆಯವೇ. ತೊಂದರೆ ಇರುವುದು ಎಲ್ಲವೂ ಮೊದಲೇ ಆಗಬೇಕು ಎನ್ನುವುದರಲ್ಲಿ. ಇಪ್ಪತ್ತು ಕೈದಿಗಳನ್ನು ಬಿಟ್ಟರೆ ಇಷ್ಟು, ಖಾಸಗಿ ವ್ಯಾಪಾರಕ್ಕೆ ಅವಕಾಶ ಕೊಟ್ಟರೆ ಇಷ್ಟು ಎಂಬ ಕೊಡುಕೊಳ್ಳುವಿಕೆಗೆ ಕಾನೂನಿನಲ್ಲಿ ಜಾಗವಿಲ್ಲ.

ವಿಯೆಟ್ನಾಂ ಜೊತೆ ಇದೇ ಅಮೆರಿಕ ಹೇಗೆ ನಡೆದುಕೊಂಡಿತು? ಅದು ಐವತ್ತೆಂಟು ಸಾವಿರ ಅಮೆರಿಕನ್ ಸೈನಿಕರು ಸತ್ತ ಯುದ್ಧ, ಅದೂ ಕಮ್ಯುನಿಸ್ಟ್ ಪಕ್ಷವೇ ಆಳುವ ದೇಶ. 1991ರಲ್ಲಿ ಹಿರಿಯ ಬುಷ್ ಸರ್ಕಾರ ಹನೋಯ್ ಮುಂದೆ ಒಂದು ಹಂತಹಂತದ ಪಟ್ಟಿ ಇಟ್ಟಿತು. ಕಾಣೆಯಾದ ಸೈನಿಕರ ಅವಶೇಷ ಹುಡುಕಲು ಸಹಕರಿಸಿ, ಕಾಂಬೋಡಿಯಾ ಶಾಂತಿಗೆ ಒಪ್ಪಿ, ಪ್ರತಿ ಹಂತಕ್ಕೂ ನಾವಿಷ್ಟು ಸಡಿಲಿಸುತ್ತೇವೆ ಎಂದು. 1994ರ ಫೆಬ್ರವರಿ 3ರಂದು ಕ್ಲಿಂಟನ್ ನಿರ್ಬಂಧ ತೆಗೆದರು. ಕೆನಡಿ ಕ್ಯೂಬಾ ವಿರುದ್ಧ ಸಹಿ ಹಾಕಿದ ಅದೇ ತಾರೀಖು. ಮರುವರ್ಷ ರಾಯಭಾರ ಸಂಬಂಧ. ಅಮೆರಿಕನ್ನರ ಆಸ್ತಿ ದಾವೆಗಳಿಗೆ ವಿಯೆಟ್ನಾಂ 20 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಕೈತೊಳೆದುಕೊಂಡಿತು. ಚೀನಾ 1979ರಲ್ಲಿ ಡಾಲರಿಗೆ ಸುಮಾರು 41 ಸೆಂಟಿನ ಲೆಕ್ಕದಲ್ಲಿ ಇತ್ಯರ್ಥ ಮಾಡಿಕೊಂಡಿತ್ತು. ಹಾಗಾಗಿ ಆ 5,913 ದಾವೆಗಳು ಬಗೆಹರಿಯದ ಕಗ್ಗಂಟಲ್ಲ, ಕೂತು ಮಾತಾಡಿದರೆ ಒಂದು ಮೊತ್ತಕ್ಕೆ ಬಂದು ನಿಲ್ಲುತ್ತವೆ.

ಇಲ್ಲಿ ಒಂದು ಎಚ್ಚರ. ವಿಯೆಟ್ನಾಂ 1986ರಲ್ಲೇ, ನಿರ್ಬಂಧ ಇರುವಾಗಲೇ, ದೋಯ್ ಮೋಯ್ ಎಂಬ ಸುಧಾರಣೆ ಶುರು ಮಾಡಿಕೊಂಡಿತ್ತು. ರೈತನಿಗೆ ಬೆಳೆ ಮಾರುವ ಸ್ವಾತಂತ್ರ್ಯ ಕೊಟ್ಟ ಕೆಲವೇ ವರ್ಷದಲ್ಲಿ ಅಕ್ಕಿ ರಫ್ತು ಮಾಡತೊಡಗಿತು. ಕ್ಯೂಬಾ ಆ ಧೈರ್ಯ ಮಾಡಲಿಲ್ಲ. ನಿರ್ಬಂಧ ತೆಗೆದಾಕ್ಷಣ ಹವಾನಾ ಹನೋಯ್ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇನ್ನೊಂದು, ವಿಯೆಟ್ನಾಂ ಇವತ್ತಿಗೂ ಏಕಪಕ್ಷದ ದೇಶ. ವ್ಯಾಪಾರ ಬಂದರೆ ಪ್ರಜಾಪ್ರಭುತ್ವ ತಾನಾಗಿ ಬರುತ್ತದೆ ಎಂಬ ಭರವಸೆ ನಾನು ಕೊಡಲಾರೆ. ಜನ ಉಣ್ಣುತ್ತಾರೆ, ಅದು ಸಣ್ಣದಲ್ಲ.

2021ರ ಸೆಪ್ಟೆಂಬರಿನಿಂದ ಕ್ಯೂಬಾದಲ್ಲಿ ಸಣ್ಣ, ಮಧ್ಯಮ ಖಾಸಗಿ ಕಂಪನಿಗಳಿಗೆ ಅವಕಾಶ ಸಿಕ್ಕಿದೆ. ಈಗ ಸಾವಿರಾರಿವೆ. ಹಿಟ್ಟು, ಎಣ್ಣೆ, ನಾನು ಮೊದಲು ಹೇಳಿದ ಕೋಳಿ, ಇವನ್ನು ತರಿಸಿ ಮಾರುವವರಲ್ಲಿ ಇವರೇ ಅನೇಕರು. ಕ್ಯೂಬಾದಲ್ಲಿ ಯಾವುದಾದರೂ ವರ್ಗ ಬೆಳೆಯಲಿ ಎಂದು ಅಮೆರಿಕ ಬಯಸುವುದಿದ್ದರೆ ಅದು ಇದೇ. ಇವರಿಗೆ ಸಾಲ ಇಲ್ಲ, ನೆಟ್ಟಗೆ ಬ್ಯಾಂಕು ಇಲ್ಲ, ಮಯಾಮಿಯಲ್ಲಿರುವ ತಮ್ಮನೋ ಚಿಕ್ಕಪ್ಪನೋ ಮೊದಲೇ ದುಡ್ಡು ಕಟ್ಟಿದರೆ ಸರಕು ಹಡಗು ಹತ್ತುತ್ತದೆ. ಸೇನೆಯ ಕಂಪನಿಗೆ ಹಿಡಿದ ಬಲೆಯಲ್ಲಿ ಸಿಕ್ಕಿಬೀಳುತ್ತಿರುವವರು ಇವರು. ಅತ್ತ ಕಡೆಯಿಂದ ಅವರ ಸರ್ಕಾರವೂ ದಿನಕ್ಕೊಂದು ನಿಯಮ ತಂದು ಕಾಡುತ್ತದೆ. ತಡೆದುಕೊಳ್ಳಲಾರದವರು ಊರು ಬಿಡುತ್ತಾರೆ. ಒಂದು ಕೋಟಿ ಹತ್ತು ಲಕ್ಷದಷ್ಟಿದ್ದ ಜನಸಂಖ್ಯೆ ಸರ್ಕಾರದ ಲೆಕ್ಕದಲ್ಲೇ ಒಂದು ಕೋಟಿಗಿಂತ ಕೆಳಗಿಳಿದಿದೆ. ಹೋದವರಲ್ಲಿ ಹೆಚ್ಚಿನವರು ಎಲ್ಲಿಗೆ ಹೋದರು? ಅಮೆರಿಕಕ್ಕೇ.

ಪ್ರತಿವರ್ಷ ವಿಶ್ವಸಂಸ್ಥೆಯಲ್ಲಿ ಮತ ಹಾಕುತ್ತಾರಲ್ಲ, ಅದರಿಂದ ಏನೂ ಆಗುವುದಿಲ್ಲವೆ ಎಂದು ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ನಿರ್ಬಂಧ ಕೊನೆಗಾಣಿಸಬೇಕೆಂಬ ಆ ನಿರ್ಣಯ 1992ರಿಂದ ಬರುತ್ತಿದೆ. 2024ರಲ್ಲಿ ಪರ 187, ವಿರುದ್ಧ ಅಮೆರಿಕ ಮತ್ತು ಇಸ್ರೇಲ್. ಭಾರತ ನಿರ್ಣಯದ ಪರವೇ ಇದೆ. 2025ರ ಅಕ್ಟೋಬರಿನಲ್ಲಿ ಮಾತ್ರ ಪರ 165ಕ್ಕೆ ಇಳಿಯಿತು, ಏಳು ದೇಶ ವಿರುದ್ಧ, ಹನ್ನೆರಡು ತಟಸ್ಥ. ಕ್ಯೂಬನ್ನರು ಉಕ್ರೇನಿನಲ್ಲಿ ರಷ್ಯಾ ಪರ ಹೋರಾಡುತ್ತಿದ್ದಾರೆ ಎಂದು ಅಮೆರಿಕ ದೇಶದೇಶಕ್ಕೂ ಹೇಳಿಕೊಂಡು ಬಂದದ್ದು ಅದಕ್ಕೊಂದು ಕಾರಣ. ಆದರೆ 187 ಇದ್ದಾಗಲೂ ಅದು ಯಾರನ್ನೂ ಕಟ್ಟಿಹಾಕುವ ನಿರ್ಣಯ ಆಗಿರಲಿಲ್ಲ.

ಬದಲಾವಣೆ ಬರುವುದಿದ್ದರೆ ಅಮೆರಿಕದ ಸಂಸತ್ತಿನ ಒಳಗಿಂದಲೇ ಬರಬೇಕು. ಅಲ್ಲಿ ನಾನು ಕಣ್ಣಿಟ್ಟಿರುವುದು ಉದಾರವಾದಿಗಳ ಮೇಲಲ್ಲ, ಅರ್ಕನ್ಸಾ ರಾಜ್ಯದ ಭತ್ತದ ರೈತರ ಮೇಲೆ. ಕ್ರಾಂತಿಗೆ ಮೊದಲು ಅಮೆರಿಕದ ಅಕ್ಕಿಗೆ ಕ್ಯೂಬಾ ಬಹು ದೊಡ್ಡ ಗಿರಾಕಿ. ಹತ್ತಿರದ ಬಂದರು, ದಿನವೂ ಅನ್ನ ಉಣ್ಣುವ ಜನ. ಇವತ್ತು ಅದೇ ಜನ ಅರ್ಧ ಭೂಮಿ ದಾಟಿ ಬರುವ ವಿಯೆಟ್ನಾಂ ಅಕ್ಕಿ ಉಣ್ಣುತ್ತಾರೆ. ಅರ್ಕನ್ಸಾದ ರಿಪಬ್ಲಿಕನ್ ಸಂಸದ ರಿಕ್ ಕ್ರಾಫರ್ಡ್ ಕ್ಯಾಸ್ಟ್ರೊಗಳ ಅಭಿಮಾನಿಯೇನಲ್ಲ. ಕೃಷಿ ಉತ್ಪನ್ನವನ್ನು ಕ್ಯೂಬಾಕ್ಕೆ ಸಾಲದ ಮೇಲೆ ಮಾರಲು ಬಿಡಿ ಎಂಬ ಮಸೂದೆಯನ್ನು ಅವರೇ ತಂದಿದ್ದರು. ಅದು ಶಾಸನವಾಗಲಿಲ್ಲ. ಅಂಥದ್ದೊಂದು ಮತ್ತೆ ಬಂದು ಮತಕ್ಕೆ ಬಿದ್ದರೆ, ಫ್ಲೋರಿಡಾದ ಮತ ಹೆಚ್ಚೋ ಅರ್ಕನ್ಸಾದ ಭತ್ತ ಹೆಚ್ಚೋ ಎಂಬುದು ಆ ದಿನ ಗೊತ್ತಾಗುತ್ತದೆ.